ತಾತನ ಹೆಬ್ಬೆರಳು

ನಮ್ಮ ಮನೆಗೆ ಏನೇ ಹೊಸದು ಬರಲಿ, ಮೊದಲು ಅದನ್ನು ತಾತನ ಕೈ ಮುಟ್ಟಬೇಕು. ಹಸುವಾಗಲಿ, ಪಂಪ್‌ಸೆಟ್ಟಾಗಲಿ, ಅಮ್ಮನ ಮಿಕ್ಸಿಯಾಗಲಿ, ಕೊನೆಗೆ ನನ್ನ ಕಾಲೇಜ್ ಬ್ಯಾಗಾಗಲಿ. ನಮ್ಮೂರು ಮೇಲೂರಿನಲ್ಲಿ ಬರೀ ವೆಂಕಟರಾಮಪ್ಪ ಎಂದರೆ ‘ಯಾವ ವೆಂಕಟರಾಮಪ್ಪ?’ ಎಂದು ಕೇಳುತ್ತಾರೆ. ‘ಗೂಡು ನೋಡೋ ವೆಂಕಟರಾಮಪ್ಪ’ ಎಂದರೆ ಮಕ್ಕಳೂ ಮನೆ ತೋರಿಸುತ್ತವೆ. ಶಿಡ್ಲಘಟ್ಟದ ಮಾರ್ಕೆಟ್ಟಿಗೆ ರೇಷ್ಮೆಗೂಡು ಸಾಗಿಸುವ ಮೊದಲು ಊರಿನವರು ಒಂದು ಹಿಡಿ ತಂದು ನಮ್ಮ ಜಗಲಿಯ ಮೇಲೆ ಸುರಿಯುತ್ತಾರೆ. ತಾತ ಒಂದನ್ನು ಎತ್ತಿಕೊಂಡು ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತುತ್ತಾನೆ. ಆಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಒಳಗಿನ ಹುಳದ ಸದ್ದು ಕೇಳುತ್ತಾನೆ. ‘ಒಳ್ಳೆ ನೂಲು ಬರುತ್ತೆ ಹೋಗಪ್ಪ’ ಎಂದನೆಂದರೆ ಬಂದವನು ಎದೆಯುಬ್ಬಿಸಿಕೊಂಡು ಹೋಗುತ್ತಾನೆ. ನಮ್ಮ ಕಡೆಯದು ಹಳದಿ ಗೂಡು. ಅದರ ಪುಡಿ ಕೂತೂ ಕೂತೂ ತಾತನ ಹೆಬ್ಬೆರಳಿನ ಗೆರೆಗಳೇ ಹಳದಿಯಾಗಿವೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಇದಕ್ಕೆ ಕೈಗುಣ ಅನ್ನುತ್ತಾರೆ. ಈ ಕೈಗುಣ ಅನ್ನೋ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಾಕೆಂದರೆ ಅದೇ ಮಾತಿನಿಂದ ನಮ್ಮ ಮನೆಯಲ್ಲಿ ತಾತ ದೇವರು, ಅಮ್ಮ ಶನಿ. ಅಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ಹುಳಕ್ಕೆ ಮೊದಲ ಸಲ ಸೊಪ್ಪು ಹಾಕಿದಳಂತೆ, ಆ ಬೆಳೆಗೆ ರೋಗ ಬಿದ್ದು ತಟ್ಟೆ ತಟ್ಟೆಯೇ ಸತ್ತುಹೋಯಿತಂತೆ. ರೋಗ ಆವತ್ತು ಅರ್ಧ ಊರಿಗೇ ಬಿದ್ದಿತ್ತು. ಆದರೆ ತಾತನ ಹೆಂಡತಿ ಅಶ್ವತ್ಥಮ್ಮಜ್ಜಿಗೆ ಅದೆಲ್ಲ ಬೇಕಿಲ್ಲ. ಇವತ್ತಿಗೂ ಹಾಲು ಒಡೆದರೆ ಸಾಕು, ‘ಯಾರ ಕೈ ತಾಗ್ತೋ’ ಎಂದು ಅಮ್ಮನ ಕಡೆ ನೋಡುತ್ತಾಳೆ. ಅಮ್ಮ ಭಾನುಪ್ರಿಯಾ, ಯಾವಾಗಲೂ ನಗುವವಳು, ಆ ಒಂದು ಮಾತಿಗೆ ಮಾತ್ರ ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋಗುತ್ತಾಳೆ.

ಇನ್ನು ನನ್ನ ವಿಷಯ. ನಾನು ಅಮೃತ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಶಿಡ್ಲಘಟ್ಟದ ಅಂಬರೀಶ್ ಅಣ್ಣನ ಸ್ಟುಡಿಯೋಗೆ ಮದುವೆ ವಿಡಿಯೋ ಎಡಿಟ್ ಮಾಡಿಕೊಡುತ್ತೇನೆ. ನನ್ನ ಹಳೆ ಲ್ಯಾಪ್‌ಟಾಪು ಧಾರೆ ಎರೆಯುವ ಹೊತ್ತಿಗೆ ಸರಿಯಾಗಿ ನಿಂತುಬಿಡುತ್ತಿತ್ತು. ‘ಸ್ವಂತ ಡೆಸ್ಕ್‌ಟಾಪ್ ಮಾಡ್ಕೊ, ಈ ಸೀಸನ್ ಪೂರ್ತಿ ನಿಂಗೇ ಕೊಡ್ತೀನಿ’ ಎಂದ ಅಂಬರೀಶ್ ಅಣ್ಣ. ಅಪ್ಪ ಗೌರಿಬಿದನೂರಿನ ಮಿಲ್ಲಿನಲ್ಲಿದ್ದಾನೆ, ಭಾನುವಾರ ಬಿಟ್ಟರೆ ಸಿಗುವುದಿಲ್ಲ. ಹಾಗಾಗಿ ನಾನೇ ಒಂದೊಂದೇ ಭಾಗ ತಂದು ಜೋಡಿಸಲು ಹೊರಟೆ. ಉಳಿದಿದ್ದು ಮದರ್‌ಬೋರ್ಡ್ ಒಂದೇ. ಪ್ರೊಸೆಸರು, ಮೆಮೊರಿ, ಡಿಸ್ಕು, ಎಲ್ಲ ಬಂದು ಕೂರುವುದು ಅದರ ಮೇಲೆ. ಅದನ್ನು ಆರಿಸುವಾಗ ಎಡವಿದರೆ ಮಿಕ್ಕಿದ್ದೆಲ್ಲ ದಂಡ.

“ಅಷ್ಟು ಮುಖ್ಯ ಅಂದ್ಮೇಲೆ ನಾನೂ ಬರ್ತೀನಿ,” ಎಂದು ತಾತ ಬಿಳಿ ಪಂಚೆ ಉಟ್ಟು ನಿಂತ.

“ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು,” ಎಂದಳು ಅಜ್ಜಿ ಎಲೆಅಡಿಕೆ ಅಗಿಯುತ್ತ. ಬೇಡ ಎನ್ನುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ತಾತನೂ ನಾನೂ ಬಸ್ ಹತ್ತಿ ಚಿಕ್ಕಬಳ್ಳಾಪುರಕ್ಕೆ ಹೋದೆವು.

ಕಂಪ್ಯೂಟರ್ ಅಂಗಡಿಯ ಕಶ್ಯಪ್ ಒಳ್ಳೆಯವರು. ಅವರ ತಂದೆ ನಮ್ಮ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದವರು, ಮಾತಿನಲ್ಲೂ ಒಂದು ಮೇಷ್ಟ್ರ ಗತ್ತು. ನನ್ನ ಪ್ರೊಸೆಸರಿಗೆ ಹೊಂದುವ ಎರಡು ಬೋರ್ಡುಗಳನ್ನು ಮೇಜಿನ ಮೇಲಿಟ್ಟರು. ಒಂದಕ್ಕೆ ಅಂಚಿನಲ್ಲಿ ಬಣ್ಣಬಣ್ಣದ ದೀಪ, ನೋಡಲು ಮದುವೆ ಮಂಟಪ. ಆದರೆ ಮೆಮೊರಿ ಸಿಕ್ಕಿಸಲು ಎರಡೇ ಜಾಗ. ಇನ್ನೊಂದು ಬೋಳು ಬೋಳು, ಜಾಗ ನಾಲ್ಕು.

“ನೀವು ಮಾಡೋದು ವಿಡಿಯೋ ಕೆಲಸ. ಇವತ್ತು ಎರಡು ಸಾಕು ಅನ್ಸುತ್ತೆ, ಮುಂದಿನ ವರ್ಷ ಸಾಲಲ್ಲ. ನಾಲ್ಕಿರೋದು ತಗೊಳ್ಳಿ,” ಎಂದರು ಕಶ್ಯಪ್.

ನನ್ನ ಕಣ್ಣೋ ಆ ದೀಪದ ಮೇಲೇ. ಅಷ್ಟರಲ್ಲಿ ತಾತ ಬೋಳು ಬೋರ್ಡಿನ ಡಬ್ಬಿಯನ್ನು ಎತ್ತಿದ. ಎತ್ತಿ, ಅಯ್ಯೋ ದೇವರೇ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಕಣ್ಣು ಮುಚ್ಚಿಕೊಂಡು ಕೇಳಿದ. ಪಕ್ಕದಲ್ಲಿ ಪೆನ್‌ಡ್ರೈವ್ ಕೊಳ್ಳಲು ಬಂದಿದ್ದ ಕಾಲೇಜಿನ ಮೂವರು ಹುಡುಗರು ಕಿಸಕ್ಕನೆ ನಕ್ಕರು. ಅದರಲ್ಲಿ ಒಬ್ಬ ನನ್ನ ಕ್ಲಾಸಿನವನೇ.

“ಏನ್ ಯಜಮಾನ್ರೇ, ಒಳಗೆ ಹುಳ ಇದೆಯಾ?” ಎಂದು ಒಬ್ಬ ಕೇಳಿದ.

“ಇದ್ರೆ ಸದ್ದು ಬರ್ಬೇಕಿತ್ತಪ್ಪ,” ಎಂದ ತಾತ ನಿಜವಾಗಿಯೂ ಉತ್ತರ ಕೊಡುವವನಂತೆ. ಆಮೇಲೆ ನನ್ನ ಕಡೆ ತಿರುಗಿ, “ನಾಲ್ಕು ಮನೆ ಇರೋದೇ ಇರ್ಲಿ ತಲ್ಲಿ. ಹುಳ ಜಾಸ್ತಿಯಾದ್ಮೇಲೆ ತಟ್ಟೆಗೆ ಜಾಗ ಹುಡ್ಕೋಕಾಗಲ್ಲ,” ಎಂದ. ನನ್ನ ಮೇಲೆ ಮುದ್ದು ಬಂದರೆ ತಾತನ ಬಾಯಲ್ಲಿ ‘ಅಮ್ಮ’ ಹೋಗಿ ತೆಲುಗಿನ ‘ತಲ್ಲಿ’ ಬರುತ್ತದೆ.

ಆ ಹುಡುಗರು ಇನ್ನೂ ಜೋರಾಗಿ ನಕ್ಕರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನಾನು ಬೇಗ ಮುಗಿಸಲು, “ಆಯ್ತು ಸಾರ್, ನಾಲ್ಕರದ್ದೇ ಕೊಡಿ,” ಎಂದುಬಿಟ್ಟೆ.

ಕಶ್ಯಪ್ ಬೋರ್ಡನ್ನು ಹೊರತೆಗೆದು, ಪ್ರೊಸೆಸರ್ ಕೂರುವ ಜಾಗದ ಮೇಲಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ ತೋರಿಸಿದರು. ಒಳಗೆ ಚಿನ್ನದ ಬಣ್ಣದ ಪಿನ್ನುಗಳು, ಕೂದಲಿಗಿಂತ ಸಣ್ಣವು, ಒತ್ತೊತ್ತಾಗಿ ಸಾಲು ಸಾಲು. “ನೋಡ್ಕೊಳ್ಳಿ, ಎಲ್ಲಾ ನೆಟ್ಟಗಿದೆ. ಆಮೇಲೆ ಬಗ್ಗಿದೆ ಅಂದ್ರೆ ಕಂಪನಿಯೋರು ಒಪ್ಪಲ್ಲ, ನಾನೂ ಒಪ್ಪಲ್ಲ.”

“ಎಷ್ಟು ನುಣುಪಾಗಿದೆಯಪ್ಪಾ!” ಎಂದು ತಾತನ ಹೆಬ್ಬೆರಳು ತಾನೇ ತಾನಾಗಿ ಮುಂದೆ ಹೋಯಿತು. ಕಶ್ಯಪ್ ಗಪ್ಪನೆ ಅವನ ಮಣಿಕಟ್ಟು ಹಿಡಿದು, “ಮುಟ್ಬಾರ್ದು ಯಜಮಾನ್ರೇ!” ಎಂದು ಕೂಗಿದರು.

ಇಡೀ ಅಂಗಡಿ ತಿರುಗಿ ನೋಡಿತು. “ತಾತ, ಕೈ ಸುಮ್ನೆ ಇಟ್ಕೊಳ್ಳೋಕೆ ಆಗಲ್ವಾ ನಿಂಗೆ? ನನ್ನ ಮಾನ ಯಾಕೆ ಹರಾಜು ಹಾಕ್ತೀಯ?” ಎಂದೆ. ಮೆಲ್ಲಗೆ ಹೇಳಲಿಲ್ಲ. ತಾತ ಕೈಯನ್ನು ಹಿಂದಕ್ಕೆಳೆದುಕೊಂಡು ಮಗುವಿನ ಹಾಗೆ ನಕ್ಕ.

ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದ. ಮನೆ ತಲುಪಿದ ಮೇಲೆ ಜಗಲಿಯಲ್ಲಿ ಪಕ್ಕದ ಹೊಲದ ಎರ್ರಪ್ಪ ಮಾವ ಕೂತಿದ್ದ. ಅವನಿಗೆ ತೋರಿಸಲು ತಾತ ಡಬ್ಬಿ ಬಿಚ್ಚಿದ. ನಾನು ಕಿಟಕಿಯಿಂದ ನೋಡಿದೆ. ಬೋರ್ಡಿನ ಮೇಲೆ, ಆ ಕಪ್ಪು ಮುಚ್ಚಳದ ಮೇಲೆ, ಹಸುಗೂಸಿನ ನೆತ್ತಿ ಸವರುವಂತೆ ಹೆಬ್ಬೆರಳು ಆಡಿಸುತ್ತಿದ್ದ. ಕಿರುಚಬೇಕೆನ್ನಿಸಿತು, ಎರ್ರಪ್ಪ ಮಾವ ಇದ್ದಾನೆಂದು ಸುಮ್ಮನಾದೆ.

ಮರುದಿನ ಬೆಳಿಗ್ಗೆ ಚಾಪೆ ಹಾಸಿ ಎಲ್ಲವನ್ನೂ ಹರಡಿಕೊಂಡು ಕೂತೆ. ಬೋರ್ಡಿನ ಮುಚ್ಚಳ ತೆಗೆದು ಮೊಬೈಲ್ ಟಾರ್ಚ್ ಬಿಟ್ಟೆ. ನಡುವೆ ಒಂದು ಕಡೆ ಪಿನ್ನುಗಳು ಗಾಳಿಗೆ ಮಲಗಿದ ರಾಗಿ ಪೈರಿನ ಹಾಗೆ ಒಂದೇ ಕಡೆಗೆ ಮಲಗಿದ್ದವು.

“ತಾತಾ!” ಎಂದು ಕೂಗಿದ ಕೂಗಿಗೆ ಹುಳದ ಮನೆಯಲ್ಲಿದ್ದ ತಾತ ಓಡಿ ಬಂದ. “ನಿಂಗೆ ಎಷ್ಟು ಸಲ ಹೇಳ್ಬೇಕು? ಮುಟ್ಬೇಡ ಮುಟ್ಬೇಡ ಅಂತ ಅಂಗಡಿಯೋರೇ ಹೇಳಿದ್ರಲ್ಲ! ನೋಡು, ಹಾಳು ಮಾಡಿಟ್ಟಿದ್ದೀಯ!”

“ನಾನು ಮುಚ್ಚಳ ತೆಗೀಲಿಲ್ಲ ಕಣಮ್ಮ,” ಎಂದ ತಾತ. “ಮೇಲೆ ಮೇಲೆ ಸವರ್ದೆ ಅಷ್ಟೆ.”

“ಒತ್ತಿರ್ತೀಯ. ಗೂಡು ಒತ್ದಂಗೆ ಒತ್ತಿರ್ತೀಯ!”

ತಾತ ಯೋಚನೆ ಮಾಡುತ್ತ ನಿಂತ. “ಒತ್ತಿದ್ನಾ?” ಎಂದು ತನ್ನನ್ನೇ ಕೇಳಿಕೊಂಡ.

ಅವತ್ತೇ ಮತ್ತೆ ಅಂಗಡಿಗೆ ಹೋದೆವು. ಕಶ್ಯಪ್ ಭೂತಗನ್ನಡಿ ಹಿಡಿದು ನೋಡಿ ತಲೆ ಆಡಿಸಿದರು. ಪಿನ್ನು ಬಗ್ಗಿವೆ, ಒಂದೆರಡು ಮುರಿದೂ ಇವೆ, ಏನೂ ಮಾಡಲು ಬರುವುದಿಲ್ಲ ಎಂದರು. ಆಮೇಲೆ, “ಮಧ್ಯದಲ್ಲಿ ಏನೋ ಹಳದಿ ಪುಡಿ ಕೂತಿದೆಯಲ್ಲ, ಏನಿದು?” ಎಂದರು.

ತಾತ ಬಲಗೈ ಎತ್ತಿ ಬೆಳಕಿಗೆ ಹಿಡಿದು ತನ್ನ ಹೆಬ್ಬೆರಳನ್ನು ನೋಡಿಕೊಂಡ. ಆ ಗೆರೆಗಳ ಹಳದಿ, ಗೂಡಿನ ಹಳದಿ. “ನಂದೇ ಸ್ವಾಮಿ,” ಎಂದ. “ಇದು ಗೂಡಿನ ಪುಡಿ. ನಂಗೇ ಗೊತ್ತಾಗ್ದಂಗೆ ಒತ್ತಿದ್ದೀನಿ.”

ನಾನಾದರೂ ಅಲ್ಲಿಗೆ ಬಾಯಿ ಮುಚ್ಚಬಹುದಿತ್ತು. ಕಶ್ಯಪ್ ಮುಂದೆ ನಾನು ದಡ್ಡಿಯಲ್ಲ ಎಂದು ತೋರಿಸಿಕೊಳ್ಳಬೇಕಿತ್ತಲ್ಲ. “ಹಳ್ಳಿಯೋರು ಸಾರ್, ಇವರಿಗೆಲ್ಲ ಗೊತ್ತಾಗಲ್ಲ. ಕರ್ಕೊಂಡು ಬಂದಿದ್ದೇ ನನ್ನ ತಪ್ಪು,” ಎಂದೆ. ತಾತ ಅದನ್ನು ಕೇಳಿಸಿಕೊಂಡ. ಜೇಬಿನಿಂದ ಗೂಡು ಮಾರಿದ ದುಡ್ಡು ತೆಗೆದು ಅದೇ ಬೋರ್ಡನ್ನು ಇನ್ನೊಂದು ಕೊಡಿ ಎಂದ. ಕಶ್ಯಪ್ ಡಬ್ಬಿ ಚಾಚಿದಾಗ ತೆಗೆದುಕೊಳ್ಳದೆ ಕೈ ಕಟ್ಟಿಕೊಂಡು, “ಮಗೂಗೆ ಕೊಡಿ,” ಎಂದ.

ಸಂಜೆಯೊಳಗೆ ನಾನು ಬಾಗಿಲು ಹಾಕಿಕೊಂಡು ಎಲ್ಲವನ್ನೂ ಜೋಡಿಸಿ ಮುಗಿಸಿದೆ. ಕಂಪ್ಯೂಟರ್ ಶುರುವಾದಾಗ ಕುಣಿದಾಡಿದೆ. ತಾತ ಬಾಗಿಲಾಚೆಯಿಂದಲೇ ಇಣುಕಿ, “ಚೆನ್ನಾಗಿದೆ ಕಣಮ್ಮ,” ಎಂದು ಹೋದ.

ಆಮೇಲೆ ಅವನು ಕೈ ಕಟ್ಟಿಕೊಂಡೇ ಇರಲು ಶುರುಮಾಡಿದ. ಮೊದಲು ನಾನು ಗಮನಿಸಲಿಲ್ಲ. ಕಂಕುಳಲ್ಲಿ ಕೈ ಸಿಕ್ಕಿಸಿಕೊಂಡು ಜಗಲಿಯಲ್ಲಿ ಕೂರುವನು. ಯಾರಾದರೂ ಗೂಡು ತಂದರೆ, “ಮಾರ್ಕೆಟ್ಟಲ್ಲಿ ನೋಡ್ತಾರೆ ಬಿಡಪ್ಪ,” ಎಂದು ಕಳಿಸುವನು. ಹುಳದ ಮನೆಯಲ್ಲಿ ಹಣ್ಣಾದ ಹುಳವನ್ನು ಆರಿಸಿ ಚಂದ್ರಿಕೆಗೆ ಬಿಡುವ ಹೊತ್ತಿಗೆ, ಗೂಡು ಕಟ್ಟುವ ಆ ತಟ್ಟೆಯ ಹತ್ತಿರವೂ ಬರದೆ ಅಪ್ಪನನ್ನು ಗೌರಿಬಿದನೂರಿನಿಂದ ಕರೆಸಿದ. ಬುದ್ಧಿ ಬಂದಾಗಿನಿಂದ ಆ ಕೆಲಸವನ್ನು ಅವನು ಬೇರೆಯವರಿಗೆ ಬಿಟ್ಟವನಲ್ಲ. ‘ಆಗಲಿ, ಪಾಠ ಕಲಿತ’ ಎಂದುಕೊಂಡೆ ನಾನು. ಹೌದು, ಹಾಗೇ ಅಂದುಕೊಂಡೆ.

ಶುಕ್ರವಾರ ಅಮ್ಮ ಆರತಿ ತಟ್ಟೆ ಹಿಡಿದು ನನ್ನ ಕೋಣೆಗೆ ಬಂದಳು. ಕಂಪ್ಯೂಟರಿನ ಡಬ್ಬದ ಮೇಲೆ ಅರಿಶಿನ, ಕುಂಕುಮ ಇಟ್ಟು, “ಈ ಸಲ ಒಳಗಿಡೋಕೆ ಬಿಡ್ಲೇ ಇಲ್ಲ ನೀನು, ಅಷ್ಟು ಬೇಗ ಮುಚ್ಬಿಟ್ಟೆ,” ಎಂದಳು.

“ಒಳಗಿಡೋದಾ? ಎಲ್ಲಿಗೆ?”

“ಹೋದ್ಸಲದ ಬೋರ್ಡಿಗೆ ಇಟ್ಟಿದ್ನಲ್ಲೇ, ನೀನು ಮಲ್ಗಿದ್ದಾಗ ಬೆಳಿಗ್ಗೆ ದೇವರ ಮುಂದೆ ಇಟ್ಕೊಂಡು. ಆ ಕರೀ ಮುಚ್ಚಳ ಬಿಸಾಡೋದು ಅಂತ ನೀನೇ ಅಂದಿದ್ದೆ. ಬಿಸಾಡೋ ಪ್ಲಾಸ್ಟಿಕ್ಕಿಗೆ ಅರಿಶಿನ ಇಟ್ರೆ ಏನು ಬಂತು? ಅದನ್ನ ತೆಗ್ದು, ಒಳಗೆ ಚಿನ್ನದಂಗೆ ಹೊಳೀತಿತ್ತಲ್ಲ, ಅಲ್ಲಿಟ್ಟು ಮತ್ತೆ ಮುಚ್ಚಿಟ್ಟೆ. ಮೆತ್ತಗೇ ಇಟ್ಟೆ ಕಣೇ.” ಅಮ್ಮ ಉಂಗುರದ ಬೆರಳು ತೋರಿಸಿದಳು. ಅದರ ತುದಿ ಹಳದಿಯಾಗಿತ್ತು. “ಅಷ್ಟು ಮಾಡಿದ್ರೂ ನಿಮ್ಮ ತಾತ ಕೈ ಹಾಕಿ ಕೆಡಿಸ್ಬಿಟ್ರು. ಏನ್ ಮಾಡೋದು, ವಯಸ್ಸಾಯ್ತು.”

ನಾನು ಆ ಬೆರಳ ತುದಿಯ ಹಳದಿಯನ್ನೇ ನೋಡಿದೆ. ಅಮ್ಮನಿಗೆ ಏನೂ ಗೊತ್ತಿಲ್ಲ. ಅರಿಶಿನ ಇಡುವುದರಿಂದ ಏನಾದರೂ ಕೆಡುತ್ತದೆ ಎಂಬುದು ಅವಳ ತಲೆಗೆ ಹೊಳೆಯುವುದೇ ಇಲ್ಲ. ಯಾಕೆ ಹೊಳೆಯಬೇಕು? ಹಸುವಿಗಿಟ್ಟಳು, ಪಂಪಿಗಿಟ್ಟಳು, ಯಾವುದೂ ಕೆಡಲಿಲ್ಲ. “ಹೂಂ ಅಮ್ಮ,” ಎಂದಷ್ಟೇ ಹೇಳಿದೆ.

ಆಗ ಓಡಿಹೋಗಿ ತಾತನ ಕಾಲು ಹಿಡಿದುಕೊಳ್ಳಬೇಕಿತ್ತು. ಹಿಡಿದುಕೊಳ್ಳಲಿಲ್ಲ. ಅದು ನಿನ್ನ ಕೈ ಅಲ್ಲ ಎಂದರೆ ಮತ್ತೆ ಯಾರ ಕೈ ಎಂದು ಕೇಳುತ್ತಾನೆ. ಅಮ್ಮನ ಹೆಸರು ಹೇಳಿದರೆ ಅಜ್ಜಿಗೆ ಹಬ್ಬ. ‘ನಾನು ಅವತ್ತೇ ಹೇಳ್ಲಿಲ್ವಾ’ ಎಂದು ಊರಿಗೆಲ್ಲ ಡಂಗುರ ಸಾರುತ್ತಾಳೆ, ಸತ್ತ ಹುಳಗಳನ್ನೆಲ್ಲ ಮತ್ತೆ ಎಬ್ಬಿಸುತ್ತಾಳೆ. ಹೇಳದಿದ್ದರೆ ತಾತ ಹೀಗೇ ಇರುತ್ತಾನೆ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ದಿನ ತಳ್ಳಿದೆ. ಅಂಬರೀಶ್ ಅಣ್ಣ ಕೊಟ್ಟ ಮದುವೆಗಳಲ್ಲಿ ಯಾವ ಮುದುಕ ಮದುಮಕ್ಕಳ ತಲೆಯ ಮೇಲೆ ಕೈಯಿಟ್ಟರೂ ನನಗೆ ಜಗಲಿಯಲ್ಲಿ ಕೈ ಕಟ್ಟಿಕೊಂಡು ಕೂತವನೇ ಕಾಣುತ್ತಿದ್ದ. ನನ್ನ ಮುಖ ನನಗೇ ಅಸಹ್ಯವಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಅಂಗಡಿಯಲ್ಲಿ ಆಡಿದ ಆ ‘ಹಳ್ಳಿಯೋರು’ ಎಂಬ ಮಾತು ಮತ್ತೆ ಮತ್ತೆ ಕಿವಿಯಲ್ಲಿ ಕೇಳಿಸುತ್ತಿತ್ತು.

ಹೀಗಿರುವಾಗ ಎರ್ರಪ್ಪ ಮಾವ ಬಂದ. ಅವನ ಬೆಳೆ ಮರುದಿನ ಮಾರ್ಕೆಟ್ಟಿಗೆ ಹೋಗಬೇಕಿತ್ತು. ಟವೆಲ್ಲಿನಲ್ಲಿ ಕಟ್ಟಿ ತಂದಿದ್ದ ಗೂಡನ್ನು ಜಗಲಿಯ ಮೇಲೆ ಸುರಿದು, “ಅಣ್ಣಾ, ಸ್ವಲ್ಪ ನೋಡು,” ಎಂದ.

“ಬೇಡ ಎರ್ರಪ್ಪ.”

“ಏನಣ್ಣಾ, ನಮ್ಮ ಮೇಲೆ ಕೋಪಾನಾ?”

“ಕೋಪ ಯಾಕಪ್ಪ. ನನ್ನ ಕೈ ಈಗ ನಂಬೋ ಹಂಗಿಲ್ಲ. ಒತ್ತಿದ್ದು ನಂಗೇ ಗೊತ್ತಾಗಲ್ಲ. ನಾನು ಒಂದು ಹೇಳಿ, ಅಲ್ಲಿ ಇನ್ನೊಂದಾಗಿ, ನಿಂಗೆ ಯಾಕೆ ನಷ್ಟ?”

“ಬಿಡು ಎರ್ರಪ್ಪ,” ಎಂದಳು ಅಜ್ಜಿ ಮೂಲೆಯಿಂದ, “ಅವ್ರ ಕಾಲ ಮುಗೀತು.”

ಎರ್ರಪ್ಪ ಮಾವ ಸಪ್ಪೆ ಮುಖ ಮಾಡಿಕೊಂಡು ಗೂಡುಗಳನ್ನು ಒಂದೊಂದೇ ಟವೆಲ್ಲಿಗೆ ಹಾಕತೊಡಗಿದ. ತಾತ ಬೇರೆ ಕಡೆ ನೋಡುತ್ತಿದ್ದ, ಆದರೆ ಕಂಕುಳೊಳಗೆ ಅವನ ಹೆಬ್ಬೆರಳು ತನ್ನಷ್ಟಕ್ಕೆ ಅಂಗಿಯನ್ನು ಒತ್ತುತ್ತಿತ್ತು. ಅದನ್ನು ನೋಡಿ ನನ್ನಿಂದ ಇನ್ನು ತಡೆಯಲಾಗಲಿಲ್ಲ.

“ತಾತ, ಆ ಬೋರ್ಡ್ ಕೆಡ್ಸಿದ್ದು ನಿನ್ನ ಕೈ ಅಲ್ಲ,” ಎಂದೆ ಹೊಸಿಲಲ್ಲಿ ನಿಂತು.

ತಾತ ತಿರುಗಿದ. “ಮತ್ತೆ?”

ಅಜ್ಜಿಯ ಬಾಯಿ ಅಗಿಯುವುದನ್ನು ನಿಲ್ಲಿಸಿತು. ಅವಳ ಕಣ್ಣು ಆಗಲೇ ಅಡುಗೆಮನೆಯ ಬಾಗಿಲಿಗೆ ಹೋಗಿತ್ತು. ಎರ್ರಪ್ಪ ಮಾವನಿಗೆ ಕಾಫಿ ಲೋಟ ಹಿಡಿದು ಬರುತ್ತಿದ್ದ ಅಮ್ಮ ಅಲ್ಲೇ ನಿಂತಿದ್ದಳು.

“ನಾನೇ,” ಎಂದೆ. “ಬೆಳಿಗ್ಗೆ ಮುಚ್ಚಳ ತೆಗ್ಯೋವಾಗ ನನ್ನ ಬೆರಳೇ ಒಳಗೆ ಹೋಯ್ತು.”

“ಆ ಹಳದಿ ಪುಡಿ?”

“ಚಿತ್ರಾನ್ನ ತಿಂದು ಕೈ ಸರಿಯಾಗಿ ತೊಳ್ದಿರ್ಲಿಲ್ಲ ತಾತ.”

ಎರ್ರಪ್ಪ ಮಾವ ಗೂಡು ಆರಿಸುವುದನ್ನು ಬಿಟ್ಟು ನೆಲ ನೋಡಿದ. ತಾತ ಬೈಯುತ್ತಾನೆ ಎಂದುಕೊಂಡಿದ್ದೆ. ಇಲ್ಲವೇ ‘ಹೋಗ್ಲಿ ಬಿಡು ತಲ್ಲಿ’ ಎಂದು ನಗುತ್ತಾನೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಕಟ್ಟಿದ್ದ ಕೈ ಬಿಚ್ಚಿ, ಹೆಬ್ಬೆರಳನ್ನು ಒಂದು ಸಲ ನೋಡಿಕೊಂಡು, ಆಮೇಲೆ ನನ್ನನ್ನು ನೋಡಿದ.

“ಅಂಗಡೀಲಿ ಅಂದಿದ್ದು ಹೋಗ್ಲಿ, ಕೋಪದಲ್ಲಿ ಅಂದೆ,” ಎಂದ. “ಆದ್ರೆ ಇಷ್ಟು ದಿನ ನಾನು ಕೈ ಕಟ್ಕೊಂಡು ಕೂತಿದ್ದು ನೋಡ್ತಾನೇ ಇದ್ಯಲ್ಲಮ್ಮ.”

ಶುಕ್ರವಾರದಿಂದ ನೋಡುತ್ತಲೇ ಇದ್ದೆ, ಗೊತ್ತಿದ್ದೂ.

ತಾತ ಬಗ್ಗಿ ಎರ್ರಪ್ಪ ಮಾವನ ಟವೆಲ್ಲಿನಿಂದ ಒಂದು ಗೂಡು ಎತ್ತಿದ. ಹೆಬ್ಬೆರಳು ಇಡಲು ಒಂದು ಗಳಿಗೆ ಹಿಂಜರಿದ. ಆಮೇಲೆ ಒತ್ತಿದ, ಕಿವಿಗೆ ಹಿಡಿದು ಅಲ್ಲಾಡಿಸಿದ, ಕಣ್ಣು ಮುಚ್ಚಿದ. “ಒಳ್ಳೆ ನೂಲು ಬರುತ್ತೆ ಹೋಗಪ್ಪ,” ಎಂದ.

ಅಮ್ಮ ಕಾಫಿ ಲೋಟವನ್ನು ಜಗಲಿಯ ಮೇಲೆ ಕುಕ್ಕಿ ನನ್ನ ರಟ್ಟೆ ಹಿಡಿದಳು. ಅವಳ ಕಣ್ಣಲ್ಲಿ ನೀರಿತ್ತು. “ಥೂ! ತಪ್ಪು ನೀನು ಮಾಡಿ ದೇವರಂಥ ಮನುಷ್ಯನ ಮೇಲೆ ಹಾಕಿದ್ಯಲ್ಲೇ. ಯಾರ ಹೊಟ್ಟೇಲಿ ಹುಟ್ಟಿದ್ಯೇ ನೀನು? ನಾಚಿಕೆ ಆಗಲ್ವಾ ನಿಂಗೆ?”

ಅವಳ ಉಂಗುರದ ಬೆರಳಿನ ತುದಿಯಲ್ಲಿ ಬೆಳಗಿನ ಪೂಜೆಯ ಅರಿಶಿನ ಇನ್ನೂ ಇತ್ತು, ಅದು ನನ್ನ ತೋಳಿಗೆ ಮೆತ್ತಿಕೊಂಡಿತು.

“ಆಗುತ್ತಮ್ಮ,” ಎಂದೆ. ಚಿತ್ರಾನ್ನ ಸುಳ್ಳಾಗಿದ್ದರೂ ಇದು ಸುಳ್ಳಾಗಿರಲಿಲ್ಲ.